ನಾಡದ್ದಿನ ಉಪ್ಪಿನಕಾಯಿ

ನನ್ನ ತಂಗಿಯ ಮಗಳು ಸುಧಾ ಈಚೆಗೆ ಕಲಬುರಗಿಯ ಒಂದು ಕಾರ್ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೋದ ಭಾನುವಾರ ಸೇಡಂಗೆ ಬಂದಿದ್ದಾಗ, "ಮಾಮಾ, ಇಷ್ಟು ವರ್ಷ ಇದ ಕೆಲಸ ಮಾಡೀದಿ. ಮೊದಲ ಏನ್ ಕಲೀಬೇಕು ಹೇಳು" ಎಂದಳು. "ಗಾಜಿನ ಬಾಗಿಲದ ಆಚೆ ಸಪ್ಪಳಾದ್ರ ಅದು ಯಾರ ಚಪ್ಪಲಿ ಅಂತ ಗುರ್ತ ಹಿಡಿಯೋದು ಕಲಿ" ಎಂದೆ. ಅವಳು ನಕ್ಕಳು. ನಗಲಿ ಎಂದು ನಾನು ಹೇಳಿದ್ದಲ್ಲ.

ಕೈ ಹೇಗೆ ಜೋಡಿಸಬೇಕು, ನೀರು ಯಾವಾಗ ಕೊಡಬೇಕು, ಕಾರಿನ ಯಾವ ಬಾಗಿಲನ್ನು ಮೊದಲು ತೆಗೆದು ತೋರಿಸಬೇಕು ಎಂದೆಲ್ಲ ಅವಳಿಗೆ ತರಬೇತಿಯಲ್ಲಿ ಕಲಿಸಿದ್ದಾರಂತೆ. ಗಾಡಿ ತೋರಿಸುವುದು ಕಷ್ಟದ ಕೆಲಸವಲ್ಲ, ಹೊಸ ಗಾಡಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಗಿರಾಕಿ ದುಡ್ಡು ಕಟ್ಟಿದ ಮೇಲೆ ಗಾಡಿ ಬರುವ ತನಕ ಒಂದು ಕಾಲವಿರುತ್ತದೆ. ಆ ಕಾಲದಲ್ಲಿ ಅವರ ಮುಖ ಹೇಗೆ ನೋಡಬೇಕು ಎನ್ನುವುದನ್ನು ಯಾರೂ ಕಲಿಸುವುದಿಲ್ಲ. ನನ್ನ ನೌಕರಿಯ ಬಹುಪಾಲು ಕಳೆದದ್ದು ಅದರಲ್ಲೇ. ನನ್ನ ಹೊಟ್ಟೆಯ ಉರಿ ಶುರುವಾದದ್ದೂ ಅಲ್ಲೇ.

ನಾನು ಮೊದಲು ಇದ್ದದ್ದು ಶಹಾಬಾದದಲ್ಲಿ. ಕಲಬುರಗಿಯ ಒಬ್ಬ ಸೇಠರ ಡೀಲರ್‌ಶಿಪ್ಪಿಗೆ ಸೇರಿದ ಸಣ್ಣ ಶಾಖೆ ಅದು. ಒಂದು ಕಾರು ನಿಲ್ಲುವಷ್ಟು ಜಾಗ, ಎರಡು ಮೇಜು, ಒಂದು ಫೋನು. ಮ್ಯಾನೇಜರ್ ಮಕ್ಬೂಲ್ ಸಾಹೇಬರು, ಮಾರಾಟಕ್ಕೆ ನಾನು. ನನ್ನ ಹೆಸರು ಪ್ರಹ್ಲಾದರಾವ್, ಆದರೆ ಊರಿಗೆಲ್ಲ ನಾನು ರಾವ್‌ಸಾಬ. ತೊಂಬತ್ತರ ದಶಕದಲ್ಲಿ ಗಾಡಿ ಬೇಕೆಂದರೆ ಹೆಸರು ಬರೆಸಿ ಕಾಯಬೇಕಿತ್ತು. ಯಾವಾಗ ಬರುತ್ತದೆಂದು ನಮಗೂ ಗೊತ್ತಿರುತ್ತಿರಲಿಲ್ಲ, ಸೇಠರಿಗೂ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದರೆ ಗಿರಾಕಿ ಬುಕಿಂಗ್ ವಾಪಸು ಕೇಳುತ್ತಾನೆಂದು ಸೇಠರ ಕಟ್ಟಪ್ಪಣೆ. ಹಾಗಾಗಿ ಮಕ್ಬೂಲ್ ಸಾಹೇಬರು "ಪರ್ಸೋಂ ಆಜಾತಾ ಸಾಬ್" ಎನ್ನುತ್ತಿದ್ದರು. ನಾನು ಅದನ್ನೇ ಕನ್ನಡದಲ್ಲಿ "ನಾಡದ್ದು ಬರ್ತದ್ರಿ" ಎನ್ನುತ್ತಿದ್ದೆ.

ನಮ್ಮ ಕಡೆಯ ಉರ್ದುವಿನಲ್ಲಿ ಪರ್ಸೋಂ ಎಂದರೆ ನಾಡಿದ್ದೂ ಹೌದು, ಮೊನ್ನೆಯೂ ಹೌದು. ಮಾತಿನ ಭರದಲ್ಲಿ ಹೋದ ವರ್ಷದ ಸಂಗತಿಗೂ ಅದೇ ಸಾಕು. ಒಬ್ಬ ಕಲ್ಲಿನ ಗಣಿಯ ಮಾಲೀಕರು ನಾಲ್ಕಾರು ಸಲ ಬಂದು ಹೋಗಿ ರೋಸಿ, "ಸಾಬ್ರ, ನಿಮ್ಮ ಪರ್ಸೋಂ ಹೋದದ್ದೋ ಬರೋದೋ? ಅದೊಂದು ಖರೇ ಹೇಳಿ ಬಿಡ್ರಿ, ಮನಿಗಿ ಹೋಗಿ ಮಕ್ಕೋತೀನಿ" ಎಂದರು. ಮಕ್ಬೂಲ್ ಸಾಹೇಬರು ಚಹಾ ತರಿಸಿದರು. ಉತ್ತರ ಇಲ್ಲದಾಗಲೆಲ್ಲ ಅವರು ಚಹಾ ತರಿಸುತ್ತಿದ್ದರು.

ಮಠದಲ್ಲಿ ಪೂಜೆ ಮಾಡುತ್ತಿದ್ದ ನಮ್ಮ ತಂದೆಯವರು ಸುಳ್ಳು ಹೇಳಬಾರದೆಂದು ಕಲಿಸಿದ್ದರು. ನಾಡದ್ದು ಸುಳ್ಳಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲೇ ಅವರು ತೀರಿಕೊಂಡರು.

ಬೆಲೆಯ ರಗಳೆ ಬೇರೆ. ವಾಡಿಯಿಂದ ಒಬ್ಬ ಫಿಟ್ಟರ್ ಬಂದಿದ್ದರು. ಪೇಪರಿನ ಜಾಹೀರಾತಿನಲ್ಲಿದ್ದ ಬೆಲೆ ನೋಡಿಕೊಂಡು, ಅಷ್ಟೇ ದುಡ್ಡನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ನಾನು ಟ್ಯಾಕ್ಸು, ಇನ್ಶೂರೆನ್ಸು, ಆರ್‌ಟಿಓ ಪಾಸಿಂಗು ಎಂದು ಒಂದೊಂದಾಗಿ ಸೇರಿಸುತ್ತ ಹೋದಂತೆ ಅವರ ಮುಖ ಇಳಿಯಿತು. "ಪೇಪರ್‌ನ್ಯಾಗ ಇದ್ದದ್ದು ಶೋರೂಮ್ ರೇಟ್ ಇತ್ರಿ, ಇದು ಆನ್‌ರೋಡ್ ರೇಟು" ಎಂದೆ. "ಅಲ್ರಿ, ಗಾಡಿ ರೋಡಿನ ಮ್ಯಾಲ ಅಲ್ದ ನಾ ಏನ್ ಮಾಳಿಗಿ ಮ್ಯಾಲ ಓಡಸ್ತೀನೇನು?" ಎಂದು ಕೇಳಿದರು. ಮೇಲಿಂದ ಸೀಟ್ ಕವರನ್ನೂ ನಮ್ಮಲ್ಲೇ ಹಾಕಿಸಬೇಕು, ಇಲ್ಲದಿದ್ದರೆ ಗಾಡಿ ಇನ್ನಷ್ಟು ತಡವಾಗುತ್ತದೆ ಎಂದು ಹೇಳಬೇಕಾಗಿತ್ತು. ಹೇಳುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಬಣ್ಣದ್ದಂತೂ ಕೇಳಲೇಬೇಡಿ. ಕೆಂಪು ಬರೆಸಿದವರಿಗೆ ಬಿಳಿ ಬರುತ್ತಿತ್ತು, ನೀಲಿ ಬರೆಸಿದವರಿಗೂ ಬಿಳಿಯೇ. ಕಲ್ಲಿನ ಗಣಿ ಮತ್ತು ಸಿಮೆಂಟಿನ ಧೂಳಿನ ಊರು ನನ್ನ ಕೈ ಹಿಡಿಯಿತು. "ಯಾವ ಬಣ್ಣ ಒಯ್ದ್ರೂ ವಾಡಿ ಮುಟ್ಟೂದ್ರಾಗ ಬಿಳಿನೇ ಆಗ್ತದ್ರಿ. ಮೊದಲ ಬಿಳಿ ಒಯ್ದ್ರ ತೊಳಿಯೋ ತ್ರಾಸ ಇಲ್ಲ" ಎನ್ನುತ್ತಿದ್ದೆ. ಅರ್ಧ ಜನ ನಗುತ್ತಿದ್ದರು. ಉಳಿದರ್ಧ ಜನ ಬೈಯುತ್ತ ಒಯ್ಯುತ್ತಿದ್ದರು.

ಒಂದು ಎಡವಟ್ಟು ಹೇಳಲೇಬೇಕು. ಗಾಡಿಗಳು ದೊಡ್ಡ ಟ್ರೇಲರಿನಲ್ಲಿ ಕಲಬುರಗಿಗೆ ಬರುತ್ತಿದ್ದವು. ಅಲ್ಲಿಂದ ನಮ್ಮ ಶಾಖೆಗೆ ಡ್ರೈವರು ಓಡಿಸಿಕೊಂಡು ತರುತ್ತಿದ್ದ. ಮೀಟರಿನಲ್ಲಿ ಓಡಿದ ದೂರ ಕಂಡರೆ "ಇದು ಯಾರೋ ಓಡಿಸಿದ ಗಾಡಿ" ಎಂದು ಗಿರಾಕಿ ಜಗಳ ತೆಗೆಯುತ್ತಾನೆಂದು ಮೀಟರಿನ ವೈರು ಬಿಚ್ಚಿ ತರುವ ಪದ್ಧತಿ ಇತ್ತು. ಬಂದ ಮೇಲೆ ಜೋಡಿಸಬೇಕು. ನಾಲವಾರದ ಒಬ್ಬ ಕಾಳಿನ ವ್ಯಾಪಾರಿಯ ಗಾಡಿಗೆ ಜೋಡಿಸುವುದನ್ನು ಮೆಕ್ಯಾನಿಕ್ ಮರೆತುಬಿಟ್ಟ. ಕೆಲವು ದಿನ ಬಿಟ್ಟು ಅವರು ಪೇಢೆ ಹಿಡಿದುಕೊಂಡು ಬಂದರು. "ರಾವ್‌ಸಾಬ್ರ, ಎಂಥಾ ಗಾಡಿ ಕೊಟ್ರಿ! ವಾಡಿಗಿ ಹೋಗಿ ಬಂದೆ, ಚಿತ್ತಾಪುರಕ್ಕ ಹೋಗಿ ಬಂದೆ, ಮೀಟರ್ ಒಂದ ಕಿಲೋಮೀಟರ್ ಸೈತ ಏರಿಲ್ಲ" ಎಂದರು. ಎಣ್ಣೆ ನೋಡುತ್ತೇವೆಂದು ನೆಪ ಹೇಳಿ ಗಾಡಿ ಒಳಗೆ ತೆಗೆದುಕೊಂಡು ವೈರು ಜೋಡಿಸಿದೆವು. ಮುಂದೆ ಕಂಡಾಗಲೆಲ್ಲ ಅವರದು ಒಂದೇ ದೂರು, "ನೀವು ಕೈ ಹಚ್ಚಿದ ಮ್ಯಾಲ ಗಾಡಿ ಭಾಳ ಓಡಾಕತ್ತದ ನೋಡ್ರಿ."

ಹೀಗೆ ನಗುತ್ತ ಬರೆಯುತ್ತಿದ್ದೇನೆ, ಆದರೆ ಆ ದಿನಗಳಲ್ಲಿ ನಾನು ನಕ್ಕದ್ದು ಕಡಿಮೆ. ಸಂತೆಯಲ್ಲಿ ಗಿರಾಕಿ ಕಂಡರೆ ತರಕಾರಿ ಬಿಟ್ಟು ಬೇರೆ ಸಾಲಿಗೆ ಸರಿಯುತ್ತಿದ್ದೆ. ನನ್ನ ಹೆಂಡತಿಗೆ ಅದು ಗೊತ್ತಾಗಿ, ಸಂತೆಗೆ ತಾನೇ ಹೋಗತೊಡಗಿದಳು.

ಎರಡು ಸಾವಿರದ ಇಸವಿಯ ಆಚೆಗೆ ಸೇಠರು ಸೇಡಂನಲ್ಲಿ ಶಾಖೆ ತೆಗೆದರು. ಮಕ್ಬೂಲ್ ಸಾಹೇಬರನ್ನೂ ನನ್ನನ್ನೂ ಅಲ್ಲಿಗೆ ಹಾಕಿದರು. ಕಂಪ್ಯೂಟರ್ ಬಂತು, ಮೊಬೈಲು ಬಂತು, ಹೆಚ್ಚಿನ ಕಾರುಗಳು ಕಾಯದೆ ಸಿಗತೊಡಗಿದವು. ಆದರೆ ಒಂದು ಜಾತಿಯ ವ್ಯಾನಿಗೆ ಮಾತ್ರ ಆಗಲೂ ಸಾಲು ಇತ್ತು. ಬಾಡಿಗೆಗೂ ಆಗುತ್ತಿತ್ತು, ಮನೆಗೂ ಆಗುತ್ತಿತ್ತು. ಶರಣಪ್ಪ ಮಾಸ್ತರರು ಬಂದದ್ದು ಆ ವ್ಯಾನಿಗೆ.

ಅವರು ಚಿಂಚೋಳಿ ಕಡೆಯ ಚಿಮ್ಮನಚೋಡದವರು, ಸಾಲಿ ಮಾಸ್ತರರು. ಎಲ್ಲರೂ ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ಇವರು, "ಹಿಂದಿನ ಸೀಟಿನ್ಯಾಗ ಒಬ್ಬರು ಮಕ್ಕೋಬಹುದೇನ್ರಿ?" ಎಂದರು. ನಾನು ಹೇಳುವ ಮೊದಲೇ ಚಪ್ಪಲಿ ಬಿಟ್ಟು, ನಿಲ್ಲಿಸಿದ್ದ ವ್ಯಾನಿನೊಳಗೆ ಹತ್ತಿ ತಾವೇ ಮಲಗಿ ನೋಡಿದರು. ಕಾಲು ಮಡಿಚಬೇಕಾಯಿತು. "ನನಗ ಸಾಲಂಗಿಲ್ಲ. ಆಕಿಗಿ ಸಾಕಾಗ್ತದ" ಎಂದು ಎದ್ದರು.

ಆಕೆ ಅಂದರೆ ಅವರ ಹೆಂಡತಿ ಮಹಾದೇವಿ. ಎರಡೂ ಕಿಡ್ನಿ ಕೆಟ್ಟಿದ್ದವು. ರಕ್ತ ಶುದ್ಧಿ ಮಾಡಿಸಲು ವಾರಕ್ಕೆರಡು ಸಲ ಕಲಬುರಗಿಯ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಹೇಗೋ ಹೋಗುತ್ತಿದ್ದರು, ಬರುವಾಗ ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಒಂದು ದಿನ ದಾರಿಯಲ್ಲಿ ಪಕ್ಕದವರ ಸೀರೆಯ ಮೇಲೆ ವಾಂತಿಯಾಗಿ, ಜನ ಕೂಗಾಡಿ, ಇಬ್ಬರನ್ನೂ ನಡುದಾರಿಯಲ್ಲಿ ಇಳಿಸಿದ್ದರಂತೆ. "ಅವತ್ತಿನಿಂದ ಬಸ್ ಹತ್ತಂಗಿಲ್ಲ ಅಂತ ಹಟ ಹಿಡದಾಳ್ರಿ. ಜೀಪ್ ಸಿಕ್ಕ ದಿನ ಕರ್ಕೊಂಡ್ ಹೋಗ್ತೀನಿ, ಸಿಗದ ದಿನ ತಪ್ತದ. ತಪ್ಪಬಾರದು ಅಂದಾರ ಡಾಕ್ಟ್ರು" ಎಂದರು. ಬ್ಯಾಂಕಿನ ಸಾಲ ಆಗಲೇ ಮಂಜೂರಾಗಿತ್ತು, ಅಂದೇ ಹೆಸರು ಬರೆಸಿದರು. ಗಾಡಿ ಯಾವಾಗ ಎಂದು ಕೇಳಿದರು. ನಾಲಿಗೆ ತನ್ನ ರೂಢಿಯಂತೆ, "ಜಲ್ದಿ ಬರ್ತದ್ರಿ, ನಾಡದ್ದು ಸೋಮವಾರ ನೋಡ್ರಿ" ಎಂದಿತು.

ಸೋಮವಾರ ಬಂದದ್ದು ಮಾಸ್ತರರಲ್ಲ, ಅವರ ತಾಯಿ. ನೀಲಮ್ಮ ಆಯಿ ಎಂದು ಹೆಸರು. ಮಗನಿಗೆ ಸಾಲಿ, ಸೊಸೆಗೆ ಮೈಯಲ್ಲಿ ಶಕ್ತಿ ಇಲ್ಲ, ಅದಕ್ಕೆ ಗಾಡಿಯ ಪೂಜೆಗೆ ತಾವು ಬಂದಿದ್ದರು. ಪೂಜೆಯಾದ ಹೊತ್ತಿಗೆ ಮಗ ಬಂದು ಒಯ್ಯಬೇಕೆಂದು ಮಾತಾಗಿತ್ತಂತೆ. ಕೈಚೀಲದಲ್ಲಿ ಒಂದು ತೆಂಗಿನಕಾಯಿ, ವಿಭೂತಿ, ಕುಂಕುಮ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಸೋಫಾ ತೋರಿಸಿದರೆ ಬೇಡವೆಂದು ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. "ಮೆತ್ತಗ ಇದ್ದದ್ರ ಮ್ಯಾಲ ಕುಂತ್ರ ನಿದ್ದಿ ಹತ್ತತದ ತಮ್ಮಾ. ಗಾಡಿ ಬಂದದ್ದು ಗೊತ್ತಾಗಂಗಿಲ್ಲ" ಎಂದರು. ಸಂಜೆಯ ತನಕ ಕೂತರು. ಗಾಡಿ ಬರಲಿಲ್ಲ. "ನಾಡದ್ದು ಬರ್ರಿ ಆಯಿ" ಎಂದೆ.

ನಾಡದ್ದು ಬಂದರು, ತಾಜಾ ನಿಂಬೆಹಣ್ಣು ತಂದಿದ್ದರು. ಮತ್ತೊಂದು ನಾಡದ್ದೂ ಬಂದರು. ನಾನು ಪ್ರತಿ ಸಲ ಕಲಬುರಗಿಗೆ ಫೋನು ಮಾಡುತ್ತಿದ್ದೆ. ಈ ಲೋಡಿನಲ್ಲಿಲ್ಲ, ಮುಂದಿನ ಲೋಡಿನಲ್ಲಿ ಎನ್ನುತ್ತಿದ್ದರು. ಒಮ್ಮೆ ಅಲ್ಲಿನ ಗುಮಾಸ್ತ ಬಾಯಿತಪ್ಪಿ, ಮಾಸ್ತರರ ಪಾಳಿಯ ವ್ಯಾನು ಬೇರೆ ಯಾರಿಗೋ ಹೋಯಿತೆಂದು ಹೇಳಿಬಿಟ್ಟ. ಅವತ್ತು ನಾನು ಆಯಿಯ ಎದುರಿಗೆ ಹೋಗಲಾರದೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ರಸ್ತೆಯ ಆಚೆ ನಿಂತು, ಅವರು ಏಳುವುದನ್ನೇ ಕಾಯುತ್ತಿದ್ದೆ. ಅವರು ಏಳಲಿಲ್ಲ. ಕೊನೆಗೆ ನಾನೇ ಬಂದೆ.

"ನಿಂಬಿಹಣ್ಣು ಏನ್ ಮಾಡ್ತೀರಿ ಆಯಿ?" ಎಂದು ಕೇಳಿದೆ.

"ದೇವರ ಹೆಸರಿಲೆ ತಂದದ್ದು ಚೆಲ್ಲಾಕ ಬರ್ತದೇನು? ಉಪ್ಪಿನ್ಯಾಗ ಹಾಕಿಡಾಕತ್ತೀನಿ" ಎಂದರು. ಚೀಲದ ಬಾಯಿ ಕಟ್ಟುತ್ತ, "ಈ ವಾರ ಆಕಿ ದವಾಖಾನಿಗಿ ಹೋಗೇ ಇಲ್ಲ. ಮಾರಿ ಬಾತದ, ಕಾಲು ಬಾತಾವ. ನಾಡದ್ದು ಗಾಡಿ ಬರ್ತದಂತ, ಅದರಾಗ ಹೋಗ್ತೀನಿ ಅಂತಾಳ" ಎಂದರು.

ನನ್ನ ಮಾತನ್ನು ನಂಬಿಕೊಂಡು ಒಬ್ಬ ಹೆಣ್ಣುಮಗಳು ಆಸ್ಪತ್ರೆ ಬಿಟ್ಟು ಕೂತಿದ್ದಾಳೆಂದು ಅವತ್ತು ತಿಳಿಯಿತು. ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ. ಮರುದಿನ ಮಕ್ಬೂಲ್ ಸಾಹೇಬರಿಗೆ ಹೇಳಿದೆ. ಅವರು ಚಹಾ ತರಿಸಲಿಲ್ಲ. ತಾವೇ ಸೇಠರಿಗೆ ಫೋನು ಮಾಡಿ, ಈ ಸಲದ ವ್ಯಾನು ಮಾಸ್ತರರಿಗೇ ಎಂದು ಮಾತು ತೆಗೆದುಕೊಂಡರು.

ಆ ವ್ಯಾನು ಬಂತು. ಬೆಳಿಗ್ಗೆಯೇ ಡ್ರೈವರು ತಂದು ಅಂಗಳದಲ್ಲಿ ನಿಲ್ಲಿಸಿ ಕೀಲಿ ನನ್ನ ಕೈಗೆ ಕೊಟ್ಟ. ಬಿಳಿಯ ವ್ಯಾನು, ಗಾಜಿಗೆ ಮಾಸ್ತರರ ಹೆಸರಿನ ಚೀಟಿ. ನಾನು ಎಷ್ಟೋ ದಿನದ ಮೇಲೆ ನಿಶ್ಚಿಂತೆಯಿಂದ ಉಸಿರು ಬಿಟ್ಟೆ. ಅಷ್ಟರಲ್ಲಿ ಒಳಗೆ ಫೋನು ಬಡಿಯಿತು. ಮಕ್ಬೂಲ್ ಸಾಹೇಬರು ಮಾತಾಡಿ ಹೊರಗೆ ಬಂದರು. ಗಾಜಿನ ಮೇಲಿನ ಚೀಟಿ ಕಿತ್ತು ಮಡಿಚಿ ಜೇಬಿಗೆ ಹಾಕಿಕೊಂಡರು. ಒಬ್ಬ ದೊಡ್ಡ ಕಾಂಟ್ರ್ಯಾಕ್ಟರರು ಸೇಠರಿಗೆ ಫೋನು ಮಾಡಿದ್ದರಂತೆ. ಅವತ್ತು ದಿನ ಚೆನ್ನಾಗಿದೆ, ಮನೆಮಂದಿಯೆಲ್ಲ ಬರುತ್ತಿದ್ದಾರೆ, ಈ ವ್ಯಾನು ಅವರಿಗೆ. "ಮಾಸ್ತರ್ ಕೂ ಪರ್ಸೋಂ ಬೋಲೋ" ಎಂದರು ಮಕ್ಬೂಲ್ ಸಾಹೇಬರು. ಹೇಳುವಾಗ ಅವರೂ ನನ್ನ ಮುಖ ನೋಡಲಿಲ್ಲ.

ಕಾಂಟ್ರ್ಯಾಕ್ಟರರು ಬರುವ ಮೊದಲೇ ಚಿಂಚೋಳಿ ಕಡೆಯ ಬಸ್ಸು ಬಂತು. ಆಯಿಯೂ ಮಾಸ್ತರರೂ ಇಳಿದು ಬಂದರು. ಈ ಸಲ ಖಾತ್ರಿ ಎಂದು ನಾನು ಹೇಳಿ ಕಳಿಸಿದ್ದರಿಂದ ಅವತ್ತು ಮಾಸ್ತರರೂ ರಜೆ ಹಾಕಿದ್ದರು. ಆಯಿ ಅಂಗಳದಲ್ಲಿ ನಿಂತ ವ್ಯಾನು ನೋಡಿದವರು ಅಲ್ಲೇ ನಿಂತರು.

"ಇದ ಏನು ನಮ್ದು?"

ನಾನು ಹೇಳಬೇಕಾದ ಮಾತು ನನಗೆ ಬಾಯಿಪಾಠವಾಗಿತ್ತು. ಅದು ಹೊರಗೆ ಬರಲಿಲ್ಲ. ಅಲ್ಲ ಎನ್ನಲಿಲ್ಲ, ಹೌದೆಂದೂ ಅನ್ನಲಿಲ್ಲ. ಆಯಿ ನನ್ನ ಮೌನವನ್ನು ಹೌದೆಂದೇ ತಿಳಿದರು. ಚೀಲ ಬಿಚ್ಚಿ, ವ್ಯಾನಿನ ಹಣೆಗೆ ವಿಭೂತಿಯ ಮೂರು ಬೆರಳು ಎಳೆದರು. ಕುಂಕುಮ ಹಚ್ಚಿದರು. ಕಾಯಿ ಒಡೆದರು. ನಾಲ್ಕು ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, "ತಮ್ಮಾ, ಒಂಚೂರು ಮುಂದ ತೊಗೋ" ಎಂದರು.

ನಮ್ಮ ಕಡೆ ಯಾರ ಹೆಸರಿನಲ್ಲಿ ನಿಂಬೆಹಣ್ಣಿನ ಮೇಲೆ ಗಾಡಿ ಹಾಯುತ್ತದೋ ಗಾಡಿ ಅವರದು. ಕಾಗದ ಪತ್ರ ಏನೇ ಹೇಳಲಿ, ಆಮೇಲೆ ಅದನ್ನು ಹೊಸ ಗಾಡಿಯೆಂದು ಇನ್ನೊಬ್ಬರು ಮುಟ್ಟುವುದಿಲ್ಲ. ಇದು ಮೂವತ್ತು ಮೈಲಿಯೊಳಗಿನ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಕೀಲಿ ನನ್ನ ಜೇಬಿನಲ್ಲಿತ್ತು. ಮುಂದೆ ತೆಗೆದರೆ ನೌಕರಿ ಹೋಗಬಹುದಿತ್ತು. ಕಿಟಕಿಯ ಕಡೆ ನೋಡಿದೆ. ಮಕ್ಬೂಲ್ ಸಾಹೇಬರು ಒಳಗೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಕಿಟಕಿಯ ಪರದೆ ಎಳೆದುಕೊಂಡರು.

ನಾನು ಹತ್ತಿ ಕೂತು ಗಾಡಿ ಚಾಲು ಮಾಡಿ ಒಂದು ಮಾರು ಮುಂದೆ ತೆಗೆದುಕೊಂಡೆ. ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದ ಸಪ್ಪಳ ಕೇಳಿಸಿತು.

ಮಾಸ್ತರರು ಒಳಗೆ ಕೂತು ಸಹಿ ಹಾಕುತ್ತಿರುವಾಗ ಕಾಂಟ್ರ್ಯಾಕ್ಟರರು ಎರಡು ಜೀಪು ಮಂದಿಯೊಡನೆ ಬಂದರು. ಮೊದಲು ಇಳಿದದ್ದು ಅವರ ತಾಯಿ. ವ್ಯಾನಿನ ಸುತ್ತ ಒಂದು ಸುತ್ತು ಬಂದು, ನೆಲದ ಮೇಲಿನ ನಿಂಬೆಸಿಪ್ಪೆ ನೋಡಿ, "ಇದು ಮಂದಿ ಪೂಜಿ ಮಾಡಿದ ಗಾಡಿ!" ಎಂದರು. ಕಾಂಟ್ರ್ಯಾಕ್ಟರರು ನನ್ನ ಮೇಲೆ ಹರಿಹಾಯ್ದರು. ಆಮೇಲೆ ತಾಯಿಯ ಕಡೆ ತಿರುಗಿ, "ತೊಳದ್ರ ಹೋಗ್ತದ ಯವ್ವಾ" ಎಂದರು.

"ತೊಳದ್ರ ಕುಂಕುಮ ಹೋಗ್ತದ. ಅವರ ಮನಿ ಪೀಡಾ ಹೋಗ್ತದೇನು? ನನ್ನ ಮಮ್ಮಕ್ಕಳನ್ನ ಇದರಾಗ ಕುಂದ್ರಸಾಕ ಬಿಡಂಗಿಲ್ಲ. ನಡಿ."

ಸೇಠರನ್ನೇ ಅಲುಗಾಡಿಸಿದ ಮನುಷ್ಯ ತಾಯಿಯ ಎದುರು ಬಾಯಿ ಮುಚ್ಚಿಕೊಂಡು ಜೀಪು ಹತ್ತಿದರು. ಸ್ವಲ್ಪ ಹೊತ್ತಿಗೆ ಸೇಠರ ಫೋನು ಬಂತು. ಮಕ್ಬೂಲ್ ಸಾಹೇಬರು, "ಮೈಂ ನಮಾಜ್ ಕೂ ಗಯಾ ಥಾ ಸೇಠ್, ಆಯಾ ತೋ ಪೂಜಾ ಹೋಗಯಾ ಥಾ. ಅಬ್ ಕ್ಯಾ ಕರ್ನಾ" ಎಂದು, ನಮಾಜಿನಿಂದ ಬರುವಷ್ಟರಲ್ಲಿ ಪೂಜೆ ಆಗಿಹೋಗಿತ್ತೆಂದು ಹೇಳಿ ಫೋನಿಟ್ಟರು. ಅದು ನಮಾಜಿನ ಹೊತ್ತಾಗಿರಲಿಲ್ಲ. ಆ ಮೇಲೆ ನನಗೆ ಸೇಠರಿಂದ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ, ಸುಧಾ ಓದುತ್ತಾಳೆ.

ಕೆಲವು ತಿಂಗಳ ಮೇಲೆ ವ್ಯಾನು ಸರ್ವಿಸಿಗೆ ಬಂತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾಸ್ತರರೂ ಆಯಿಯೂ ಬಂದಿದ್ದರು. ಹಿಂದಿನ ಸೀಟಿನ ಮೇಲೆ ಹಳೆ ಸೀರೆಯ ಕೌದಿ ಹಾಸಿಕೊಂಡು ಮಹಾದೇವಿಯವರು ಮಲಗಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಮೊಣಕೈ ಊರಿ ಎದ್ದು, ಸಣ್ಣ ದನಿಯಲ್ಲಿ, "ನಾಡದ್ದಿನ ರಾವ್‌ಸಾಬ್ರು ಅಂದ್ರ ನೀವೇ ಏನ್ರಿ?" ಎಂದರು. ಮುಖದಲ್ಲಿ ನಗು ಇತ್ತು. ನಾನು ಕೈ ಮುಗಿದೆ. ಆಸ್ಪತ್ರೆ ತಪ್ಪಿದ ಆ ದಿನಗಳು ಅವರ ಮೈಗೆ ಏನು ಮಾಡಿದವು ಎಂದು ಕೇಳಬೇಕೆನಿಸಿತು. ಕೇಳಲು ಧೈರ್ಯವಾಗಲಿಲ್ಲ.

ಆಯಿ ಕಾಲ ಬಳಿಯಿಂದ ಒಂದು ಭರಣಿ ಎತ್ತಿ ನನ್ನ ಕೈಗೆ ಕೊಟ್ಟರು. ಅರಿವೆಯಿಂದ ಬಾಯಿ ಕಟ್ಟಿದ ನಿಂಬೆಕಾಯಿಯ ಉಪ್ಪಿನಕಾಯಿ. ಸಿಟ್ಟಿನಿಂದ ಕೊಟ್ಟರೋ ಪ್ರೀತಿಯಿಂದ ಕೊಟ್ಟರೋ ನನಗೆ ಇಂದಿಗೂ ತಿಳಿಯದು.

"ಸೊಸಿಗಿ ಉಪ್ಪು ಮುಟ್ಟಬ್ಯಾಡ ಅಂದಾರ. ಆಕಿ ಮುಂದ ನಾವು ಹೆಂಗ್ ತಿನ್ನೋದು? ಇವು ನಿಮ್ಮ ನಾಡದ್ದು, ನೀವ ತಿನ್ರಿ."

ಆ ಭರಣಿಯನ್ನು ಮನೆಗೆ ಒಯ್ಯದೆ ಶೋರೂಮಿನಲ್ಲೇ ಇಟ್ಟೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮಕ್ಬೂಲ್ ಸಾಹೇಬರ ರೊಟ್ಟಿಯ ಮೇಲೆ ಒಂದು ಹೋಳು, ನನ್ನ ಚಪಾತಿಯ ಮೇಲೆ ಒಂದು ಹೋಳು. ಮೊದಲ ದಿನ ಅವರು ಚಪ್ಪರಿಸಿ, ಯಾರು ಹಾಕಿದ್ದು ಎಂದು ಕೇಳಿದರು. ಹೇಳಿದೆ. ಮತ್ತೆ ಅವರು ಆ ಮಾತು ಎತ್ತಲಿಲ್ಲ, ಆದರೆ ಹೋಳು ಬೇಡವೆನ್ನಲೂ ಇಲ್ಲ. ನನ್ನ ಹೊಟ್ಟೆಗೆ ಆ ಹುಳಿ ಆಗುತ್ತಿರಲಿಲ್ಲ, ಆದರೂ ತಿಂದೆ. ಅಂದಿನಿಂದ ಗಿರಾಕಿ ಗಾಡಿ ಯಾವಾಗ ಎಂದರೆ "ಗೊತ್ತಿಲ್ರಿ. ಗೊತ್ತಾದ ದಿನ ನಾನ ಫೋನ್ ಮಾಡ್ತೀನಿ" ಎನ್ನತೊಡಗಿದೆ. ಕೆಲವರು ಎದ್ದು ಬೇರೆ ಕಂಪನಿಗೆ ಹೋದರು. ಸುಧಾ, ನೀನು ಹಾಗೆ ಹೇಳಿದರೆ ನಿನ್ನವರೂ ಹೋಗುತ್ತಾರೆ. ಹೋಗಲಿ. ಹೋದವರು ಇನ್ನೊಂದು ಗಾಡಿ ಹುಡುಕಿಕೊಳ್ಳುತ್ತಾರೆ. ಕಾಯುತ್ತ ಕೂತವರಿಗೆ ಅದೂ ಆಗುವುದಿಲ್ಲ.

ಮುಂದಿನ ವರ್ಷ ಮಾಸ್ತರರು ಸರ್ವಿಸಿಗೆ ಒಬ್ಬರೇ ಬಂದರು. ಹಿಂದಿನ ಸೀಟಿನ ಮೇಲೆ ಮಹಾದೇವಿಯವರ ಕೌದಿ ಇರಲಿಲ್ಲ. ಅದನ್ನು ನೋಡಿದೆ. ಕೀಲಿ ನನ್ನ ಕೈಗೆ ಕೊಟ್ಟು, ಸಂಜೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿ ಹೊರಟವರು, ಗಾಜಿನ ಬಾಗಿಲ ಹತ್ತಿರ ತಿರುಗಿ ನಿಂತರು.

"ಅವ್ವನ ಉಪ್ಪಿನಕಾಯಿ ತೀರ್ತೇನ್ರಿ ರಾವ್‌ಸಾಬ್ರ?"

"ಇಲ್ರಿ ಮಾಸ್ತರ್ರೆ," ಎಂದೆ. "ಇನ್ನಾ ಅದ."